ವಾಸನೆ ನಿಂತಿದೆ, ಗುಂಡಿಗೆ ಇಳಿಯಬಹುದೇ?

ಪ್ರಶ್ನೆ: ನಮ್ಮ ಕೊಟ್ಟಿಗೆಯ ಹಿಂದೆ ಹದಿನೈದು ವರ್ಷ ಹಳೆಯ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ ಇದೆ. ತಳದಲ್ಲಿ ಹೂಳು ತುಂಬಿ ಒಲೆ ಸರಿಯಾಗಿ ಉರಿಯುತ್ತಿಲ್ಲ. ಸ್ಲರಿ ಹೊರಬರುವ ಕಡೆಯ ಹಾಸುಗಲ್ಲು ಸರಿಸಿದಾಗ ಕೊಳೆತ ಮೊಟ್ಟೆಯಂಥ ನಾತ ಬಂತು, ಸ್ವಲ್ಪ ಹೊತ್ತಿನಲ್ಲಿ ನಿಂತೂ ಹೋಯಿತು. ಬಾವಿಗೆ ಇಳಿಯುವ ಮುನ್ನ ಮಾಡುವಂತೆ ಲಾಟೀನು ಇಳಿಬಿಟ್ಟು ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಹೂಳು ತೆಗೆಯಬಹುದೇ?
– ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಇಳಿಯಬೇಡಿ, ಬೇರೆ ಯಾರನ್ನೂ ಇಳಿಸಬೇಡಿ. ನೀವು ಮೂಸಿದ್ದು ಹೈಡ್ರೋಜನ್ ಸಲ್ಫೈಡ್. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಇದನ್ನು ಮೂಗು ಹಿಡಿಯುತ್ತದೆ. ಆದರೆ ಪ್ರಮಾಣ 100 ಭಾಗ ದಾಟಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಜಡವಾಗಿ, ನಾತವೇ ಇಲ್ಲವೆನ್ನಿಸುತ್ತದೆ. ಆದ್ದರಿಂದ ವಾಸನೆ ನಿಂತದ್ದಕ್ಕೆ ಅನಿಲ ಹೋಯಿತೆಂಬ ಅರ್ಥವಿಲ್ಲ, ಹೆಚ್ಚಾಯಿತೆಂಬ ಅರ್ಥವೂ ಇರಬಹುದು. 500 ಭಾಗದ ಮೇಲೆ ಮನುಷ್ಯ ತತ್ತರಿಸಿ ಬೀಳುತ್ತಾನೆ; 1000ದ ಆಸುಪಾಸಿನಲ್ಲಿ ಒಂದೆರಡು ಉಸಿರು ಸಾಕು, ಕೂಗುವುದಕ್ಕೂ ಅವಕಾಶ ಸಿಗುವುದಿಲ್ಲ.

ಲಾಟೀನಿನ ವಿಚಾರದಲ್ಲಿ ನಮ್ಮ ಹಿರಿಯರ ಅನುಭವ ಬಾವಿಯ ಮಟ್ಟಿಗೆ ಸರಿಯಾದದ್ದೇ, ಏಕೆಂದರೆ ಅಲ್ಲಿ ಆಮ್ಲಜನಕ ತೀರಾ ಕಡಿಮೆಯಾದಾಗ ದೀಪ ಆರುತ್ತದೆ. ಇಲ್ಲಿ ಹಾಗಲ್ಲ. ಕೊಲ್ಲುವಷ್ಟು ಹೈಡ್ರೋಜನ್ ಸಲ್ಫೈಡ್ ಎಂದರೆ ಶೇಕಡಾ 0.1ರಷ್ಟು ಮಾತ್ರ, ಅಷ್ಟು ವಿಷದ ನಡುವೆಯೂ ದೀಪ ನೆಟ್ಟಗೆ ಉರಿಯುತ್ತಿರುತ್ತದೆ. ಜೊತೆಗೆ ಗುಂಡಿಯ ಮೀಥೇನ್ ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಬೆರೆತಿದ್ದರೆ ಲಾಟೀನೇ ಸ್ಫೋಟಕ್ಕೆ ಕಿಡಿಯಾಗುತ್ತದೆ. ಬೀಡಿ, ಮೊಬೈಲು, ಸಾಮಾನ್ಯ ಟಾರ್ಚ್ ಸಹ ದೂರವಿರಲಿ.

ಇನ್ನೊಂದು ಮೋಸವಿದೆ. ಮೇಲಿನಿಂದ ಅಳೆದಾಗ ಗಾಳಿ ಚೆನ್ನಾಗಿದ್ದರೂ, ಸಲಿಕೆ ಹಾಕಿ ಕೆದಕಿದೊಡನೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಬಗ್ಗಡದಲ್ಲಿ ಕರಗಿ ಕೂತ ಅನಿಲ ಒಮ್ಮೆಲೇ ಮೇಲೇಳುತ್ತದೆ; ಇದು ಗಾಳಿಗಿಂತ ತುಸು ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಆದ್ದರಿಂದ ಸಗಣಿ ಹಾಕುವುದನ್ನು ನಿಲ್ಲಿಸಿ, ಬಗ್ಗಡವನ್ನು ನೀರು ಬೆರೆಸಿ ತೆಳುಮಾಡಿ, ಹೀರುವ ಯಂತ್ರದ ಟ್ಯಾಂಕರಿನಿಂದ ಮೇಲೆ ನಿಂತೇ ಎಳೆಸಿ. ದುರಸ್ತಿಗೆ ಇಳಿಯಲೇಬೇಕಾದರೆ ಅದು ಅನಿಲ ಅಳೆಯುವ ಉಪಕರಣ, ಹೊರಗಿನಿಂದ ಗಾಳಿ ಪೂರೈಸುವ ಮುಖಕವಚ, ಮೇಲೆ ಕಾವಲು ನಿಂತವರು ಇರುವ ತರಬೇತಾದ ತಂಡದ ಕೆಲಸ. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ ಈ ಅನಿಲವನ್ನು ತಡೆಯುವುದಿಲ್ಲ. ಸೊಂಟದ ಹಗ್ಗದಿಂದ ಎಚ್ಚರ ತಪ್ಪಿದವರನ್ನು ಎಳೆದರೆ ಮೈ ಮಡಿಚಿಕೊಂಡು ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಭುಜ ಮತ್ತು ತೊಡೆಗೆ ಬಿಗಿದ ಪಟ್ಟಿ, ಮೇಲೆ ಮುಕ್ಕಾಲಿಯ ರಾಟೆ ಬೇಕು.

ಒಬ್ಬರು ಬಿದ್ದರೆ ಅಣ್ಣನನ್ನು ಎತ್ತಲು ತಮ್ಮ, ತಮ್ಮನನ್ನು ಎತ್ತಲು ನೆರೆಯವ ಎಂದು ಸಾಲಾಗಿ ಇಳಿಯುವುದರಿಂದಲೇ ಒಂದೇ ಗುಂಡಿಯಲ್ಲಿ ಮೂವರು, ನಾಲ್ವರು ಸಾಯುತ್ತಾರೆ. ಇಳಿಯದೆ 112ಕ್ಕೆ ಕರೆಮಾಡಿ, ಅಗ್ನಿಶಾಮಕದವರು ಉಸಿರಾಟದ ಸಿಲಿಂಡರಿನೊಂದಿಗೆ ಬರುವಂತೆ ‘ಗುಂಡಿಯಲ್ಲಿ ವಿಷಾನಿಲ’ ಎಂದೇ ಹೇಳಿ. ಮೇಲೆ ತಂದವರನ್ನು ಗಾಳಿ ಬೀಸಿ ಬರುವ ಕಡೆಗೆ ಒಯ್ದು, ಬಗ್ಗಡ ಮೆತ್ತಿದ ಬಟ್ಟೆ ತೆಗೆಯಿರಿ. ಉಸಿರು ನಿಂತಿದ್ದರೆ ಎದೆ ಒತ್ತುವುದನ್ನು ಆರಂಭಿಸಿ; ಬಾಯಿಗೆ ಬಾಯಿಟ್ಟು ಊದಬೇಡಿ, ಅವರೊಳಗಿನ ವಿಷ ನಿಮಗೆ ತಗಲಬಹುದು. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಸೇರಿಸಿ, ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ನಂತರವೂ ಉಂಟು.

ಪ್ರಶ್ನೆ: ಗೋಬರ್ ಗ್ಯಾಸ್ ಒಲೆಯ ಹತ್ತಿರವಿಟ್ಟ ಬೆಳ್ಳಿಯ ಕುಂಕುಮದ ಭರಣಿ ಬೇಗ ಕಪ್ಪಾಗುತ್ತದೆ. ಇದೂ ಅದೇ ಅನಿಲವೇ?

ಉತ್ತರ: ಬಹುಮಟ್ಟಿಗೆ ಅದೇ. ಕೊಳವೆಯ ಕೀಲುಗಳಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಏಳುವ ಕಡೆ ಬಿಗಿ ಮಾಡಿಸಿ; ಕಡ್ಡಿ ಗೀರಿ ನೋಡಬೇಡಿ. ಒಲೆಗೆ ಮೊದಲು ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬಿಯನ್ನು ಜೋಡಿಸಿದರೆ ಈ ಅನಿಲದಲ್ಲಿರುವ ಗಂಧಕ ಅದರಲ್ಲೇ ಉಳಿಯುತ್ತದೆ. ಬಳಸಿದ ಚೂರು ಗಾಳಿ ತಾಗಿದಾಗ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅದನ್ನು ಒದ್ದೆ ಮಾಡಿ, ಹುಲ್ಲಿನ ಬಣವೆಯಿಂದ ದೂರ, ಬರಿನೆಲದ ಮೇಲೆ ಹರಡಿ.