ಒರೆಗಾನ್ ನದಿಗಳಲ್ಲಿ ಚಿನೂಕ್ ಸಾಲ್ಮನ್ ಹಿಡಿಯಲು ಯಾವ ತಿಂಗಳು ಸರಿ?

ನೀವು ಬರೆದಿರುವುದು ಇಷ್ಟು: ತೀರ್ಥಹಳ್ಳಿ ಕಡೆಯವರು, ತುಂಗೆಯಲ್ಲಿ ಗಾಳ ಹಾಕಿ ಅಭ್ಯಾಸ ಇದೆ, ಈಗ ಕೆಲಸಕ್ಕಾಗಿ ಪೋರ್ಟ್‌ಲ್ಯಾಂಡ್‌ಗೆ ಬಂದಿದ್ದೀರಿ. ಆಫೀಸಿನಲ್ಲಿ ಒಬ್ಬರು ಚಿನೂಕ್‌ಗೆ ಏಪ್ರಿಲ್ ಒಳ್ಳೆಯದು ಅಂದರು, ಇನ್ನೊಬ್ಬರು ಸೆಪ್ಟೆಂಬರ್‌ವರೆಗೆ ಕಾಯಿರಿ ಅಂದರು. ಯಾರ ಮಾತು ಕೇಳಬೇಕು?

ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ಜಾತಿ ಒಂದೇ ಆದರೂ ಕೊಲಂಬಿಯಾ ನದಿಗೆ ಚಿನೂಕ್ ವರ್ಷದಲ್ಲಿ ಮೂರು ಸಲ ಬರುತ್ತದೆ. ವಸಂತದಲ್ಲಿ ಒಂದು ಗುಂಪು, ಬೇಸಿಗೆಯಲ್ಲಿ ಒಂದು, ಎಲೆ ಉದುರುವ ಕಾಲದಲ್ಲಿ ಒಂದು. ಅವು ಹುಟ್ಟಿದ ಹೊಳೆ ಬೇರೆ, ಹೊರಡುವ ಹೊತ್ತು ಬೇರೆ, ರುಚಿ ಕೂಡ ಬೇರೆ. ನಾನು ಬಹಳ ವರ್ಷಗಳಿಂದ ಬೀವರ್ಟನ್‌ನಲ್ಲಿದ್ದೇನೆ, ರಜೆ ಸಿಕ್ಕಾಗಲೆಲ್ಲ ಈ ನದಿಗಳ ದಡದಲ್ಲೇ ಇರುತ್ತೇನೆ. ಹೊಸಬರು ಕೇಳಿದಾಗ ನಾನು ಮೊದಲು ಹೇಳುವುದು ಇದೇ: ಯಾವ ನದಿ, ಆ ನದಿಯಲ್ಲಿ ಸಮುದ್ರದಿಂದ ಎಷ್ಟು ದೂರ ನಿಂತಿದ್ದೀರಿ ಅಂತ ಮೊದಲು ನೋಡಿ. ತಿಂಗಳು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಮೊದಲು ಏಪ್ರಿಲ್‌ನವರ ಮೀನು. ಇಲ್ಲಿ ಎಲ್ಲರೂ ಇದನ್ನು ಸ್ಪ್ರಿಂಗರ್ ಅನ್ನುತ್ತಾರೆ. ಫೆಬ್ರವರಿ ಕೊನೆಯಿಂದಲೇ ಒಂದೊಂದಾಗಿ ನದಿಗೆ ಬರಲು ಶುರುವಾಗುತ್ತದೆ. ಪೋರ್ಟ್‌ಲ್ಯಾಂಡ್ ಊರಿನ ನಡುವೆಯೇ ಹರಿದು ಕೊಲಂಬಿಯಾ ಸೇರುವ ವಿಲಾಮೆಟ್ ನದಿಯಲ್ಲಿ ಏಪ್ರಿಲ್ ಒಳ್ಳೆಯ ತಿಂಗಳು. ಒರೆಗಾನ್ ಸಿಟಿಯ ಜಲಪಾತದ ಹತ್ತಿರ ಮೇ ತಿಂಗಳಲ್ಲಿ ಜಾಸ್ತಿ. ಮಾರ್ಚ್‌ನಲ್ಲಿ ನೀರು ತಣ್ಣಗಿದ್ದರೆ ಮೀನು ಜಲಪಾತದ ಕೆಳಗೆ ಸುಮ್ನೆ ನಿಂತಿರುತ್ತದೆ. ನೀರು 50 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಬೆಚ್ಚಗಾಗುತ್ತಾ ಹೋದಂತೆ ಮೇಲಕ್ಕೆ ಹೊರಡುತ್ತದೆ. ದೋಣಿ ಇಲ್ಲದವರಿಗೆ ಗ್ಲ್ಯಾಡ್‌ಸ್ಟೋನ್‌ನ ಮೆಲ್ಡ್ರಮ್ ಬಾರ್ ದಡ ಇದೆ. ನೀರು ಹೆಚ್ಚಿದ್ದಾಗ ಸ್ಪ್ರಿಂಗರ್ ನಡುನದಿಯ ಸೆಳೆತ ಬಿಟ್ಟು ದಡದ ಪಕ್ಕದಲ್ಲೇ ಸಾಗುತ್ತದೆ. ಆದ್ದರಿಂದ ತುಂಬಾ ದೂರ ಎಸೆಯುವ ಅಗತ್ಯ ಇಲ್ಲ. ಭಾರ ಕಟ್ಟಿ ತಳಕ್ಕೆ ಬಿಟ್ಟು ಕಾಯುವುದು ಇಲ್ಲಿನ ಹಳೇ ಪದ್ಧತಿ, ತುಂಗೆಯಲ್ಲಿ ಗಾಳ ಹಾಕಿದವರಿಗೆ ಅದು ಬೇಗ ಒಗ್ಗುತ್ತದೆ.

ಈ ಮೀನು ಯಾಕೆ ಇಷ್ಟು ಬೇಗ ಬರುತ್ತದೆ ಗೊತ್ತಾ? ಮೊಟ್ಟೆ ಇಡುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಆದರೆ ಹೋಗಬೇಕಾದ ಜಾಗ ಬೆಟ್ಟದ ಮೇಲಿನ ತಣ್ಣನೆಯ ಹೊಳೆ. ಇಡಾಹೊದ ಸಾಲ್ಮನ್ ನದಿಯ ಮೂಲಕ್ಕೆ ಹೋಗುವ ಮೀನು ಸಮುದ್ರದಿಂದ ಸುಮಾರು 900 ಮೈಲಿ ಈಜುತ್ತದೆ, 6,000 ಅಡಿಗಿಂತ ಮೇಲಕ್ಕೆ ಏರುತ್ತದೆ. ಹಿಮ ಕರಗಿ ನೀರು ತುಂಬಿದಾಗಲೇ ಬಂಡೆ, ಜಲಪಾತ ದಾಟಲು ಸುಲಭ. ಅಲ್ಲಿ ತಲುಪಿ ಬೇಸಿಗೆಯೆಲ್ಲಾ ಆಳದ ಗುಂಡಿಗಳಲ್ಲಿ ಕಾಯುತ್ತದೆ. ನದಿಗೆ ಬಂದ ಮೇಲೆ ಸಾಲ್ಮನ್ ಊಟ ಬಿಡುತ್ತದೆ, ಅಲ್ವಾ? ಹಾಗಾಗಿ ತಿಂಗಳುಗಟ್ಟಲೆ ಬದುಕಲು ಬೇಕಾದ ಕೊಬ್ಬನ್ನು ಸಮುದ್ರದಲ್ಲೇ ತುಂಬಿಕೊಂಡು ಬಂದಿರುತ್ತದೆ. ಸ್ಪ್ರಿಂಗರ್ ರುಚಿಗೆ ಜನ ಜೀವ ಬಿಡುವುದು ಈ ಕೊಬ್ಬಿಗೇ.

ಬೇಗ ಬರುವ ಈ ಗುಣ ಬಹುಮಟ್ಟಿಗೆ ಮೀನಿನ ಜೀನ್‌ಗಳ ಒಂದೇ ಒಂದು ಸಣ್ಣ ಭಾಗಕ್ಕೆ ಅಂಟಿಕೊಂಡಿದೆ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಒಂದು ನದಿಯಲ್ಲಿ ಸ್ಪ್ರಿಂಗರ್ ಪೂರ್ತಿ ಅಳಿದರೆ, ಉಳಿದ ಶರತ್ಕಾಲದ ಮೀನಿನಿಂದ ಅದು ಮತ್ತೆ ಹುಟ್ಟಿ ಬರುವುದು ಕಷ್ಟ. ಇದು ನನ್ನನ್ನು ತುಂಬಾ ಕಾಡುವ ವಿಷಯ. ವಸಂತದಲ್ಲಿ ನಿಯಮ ಇಷ್ಟು ಬಿಗಿ ಯಾಕೆ ಅಂತ ಸಿಟ್ಟಾಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಬೇಸಿಗೆಯ ಗುಂಪು ಕೊಲಂಬಿಯಾ ನದಿಯ ಬಾನವಿಲ್ ಅಣೆಕಟ್ಟಿನಲ್ಲಿ ಜೂನ್ ಕೊನೆ, ಜುಲೈ ಮೊದಲಿಗೆ ಜೋರು. ಹಿಂದೆ ಇದೇ ಹೊತ್ತಿಗೆ ಜೂನ್ ಹಾಗ್ ಅನ್ನುವ ಭಾರೀ ಮೀನುಗಳು ಕೆನಡಾದವರೆಗೆ ಹತ್ತುತ್ತಿದ್ದವು. ಇದೇ ನದಿಯ ಮೇಲ್ಭಾಗದಲ್ಲಿ 1942ರಲ್ಲಿ ಮುಗಿದ ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಮೀನು ಏರುವ ದಾರಿಯನ್ನೇ ಇಡಲಿಲ್ಲ, ಅಲ್ಲಿಗೆ ಆ ದಾರಿ ಮುಚ್ಚಿತು. ಈಗಿನ ಬೇಸಿಗೆ ಮೀನಿಗೆ ವಾಷಿಂಗ್ಟನ್‌ನ ಬ್ರೂಸ್ಟರ್ ಹತ್ತಿರ ಜುಲೈ ಒಳ್ಳೆಯದು, ಆದರೆ ಪೋರ್ಟ್‌ಲ್ಯಾಂಡ್‌ನಿಂದ ಅದು ದೂರ.

ಇನ್ನು ಸೆಪ್ಟೆಂಬರ್‌ನವರ ಮೀನು. ಸಂಖ್ಯೆಯಲ್ಲಿ ಇದೇ ದೊಡ್ಡದು. 2013ರಲ್ಲಿ ಬಾನವಿಲ್ ಒಂದರಲ್ಲೇ ಶರತ್ಕಾಲದ ಚಿನೂಕ್ 9 ಲಕ್ಷಕ್ಕಿಂತ ಹೆಚ್ಚು ದಾಟಿತು. ಈ ಗುಂಪಿನ ಹಿಂದೆ ನೀವು ಎರಡು ತಿಂಗಳು ನದಿಯುದ್ದಕ್ಕೂ ಹೋಗಬಹುದು. ಆಗಸ್ಟ್ ನಡುವಿನಿಂದ ಕೊನೆಯವರೆಗೆ ಆಸ್ಟೋರಿಯಾ ಬಳಿ ನದೀಮುಖದಲ್ಲಿ, ಅಂದರೆ ಬೋಯ್ 10 ಅನ್ನುವ ಜಾಗದಲ್ಲಿ. ಆಗಸ್ಟ್ ಕೊನೆಯಿಂದ ಸೇಂಟ್ ಹೆಲೆನ್ಸ್, ವಾಷಿಂಗ್ಟನ್‌ನ ವ್ಯಾಂಕೂವರ್ ಸುತ್ತಮುತ್ತ. ಸೆಪ್ಟೆಂಬರ್ ಎರಡನೇ ವಾರದ ಆಸುಪಾಸಿಗೆ ಬಾನವಿಲ್‌ನಲ್ಲಿ ಎಣಿಕೆ ತುದಿ ಮುಟ್ಟುತ್ತದೆ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್‌ನಲ್ಲಿ ಹ್ಯಾನ್‌ಫರ್ಡ್ ರೀಚ್‌ನಲ್ಲಿ. ಅಣೆಕಟ್ಟಿನ ಕಾಟ ಇಲ್ಲದೆ ಕೊಲಂಬಿಯಾ ಇನ್ನೂ ನದಿಯ ಹಾಗೇ ಹರಿಯುವ ಸುಮಾರು 50 ಮೈಲಿ ಅದು.

ಶರತ್ಕಾಲದಲ್ಲಿ ಎರಡು ಬಗೆ ಇದೆ, ಇದನ್ನು ತಿಳಿದಿರಿ. ಟೂಲಿ ಅನ್ನುವುದು ಕೆಳಗಿನ ಉಪನದಿಗಳ ಮೀನು. ನದಿಗೆ ಬರುವಾಗಲೇ ಬಣ್ಣ ಕಪ್ಪಾಗುತ್ತಿರುತ್ತದೆ, ಮಾಂಸ ಬಿಳಿಚಿಕೊಂಡಿರುತ್ತದೆ, ಬೇಗ ಮೊಟ್ಟೆ ಇಟ್ಟು ಸಾಯುತ್ತದೆ. ಬ್ರೈಟ್ ಅನ್ನುವುದು ಹ್ಯಾನ್‌ಫರ್ಡ್ ಕಡೆಗೆ ಹೋಗುವ ಬೆಳ್ಳಿ ಮೈಯ ಮೀನು. ಅಡುಗೆಗೆ ಬೇಕಾದ್ದು ಬ್ರೈಟ್.

ದಿನವನ್ನು ಹೇಗೆ ಆರಿಸುವುದು? ಬಾನವಿಲ್ ಅಣೆಕಟ್ಟಿನಲ್ಲಿ ಮೀನಿನ ಏಣಿಯನ್ನು ಹತ್ತುವ ಪ್ರತಿ ಜಾತಿಯನ್ನೂ ಎಣಿಸಿ ದಿನದಿನವೂ ಇಂಟರ್‌ನೆಟ್‌ಗೆ ಹಾಕುತ್ತಾರೆ. ಫಿಶ್ ಪ್ಯಾಸೇಜ್ ಸೆಂಟರ್ ಪುಟದಲ್ಲಿ ಈ ವರ್ಷದ ಲೆಕ್ಕದ ಪಕ್ಕದಲ್ಲೇ ಹತ್ತು ವರ್ಷದ ಸರಾಸರಿ ಇರುತ್ತದೆ. ಈ ವರ್ಷ ಮೀನು ತಡವೋ ಬೇಗವೋ ಅಂತ ಒಂದು ನೋಟಕ್ಕೆ ತಿಳಿಯುತ್ತದೆ. ಆದರೆ ಹೊಸಬರು ಈ ಅಂಕಿಯನ್ನು ಓದುವಾಗ ಒಂದು ವಿಷಯ ಮರೆಯುತ್ತಾರೆ. ಬಾನವಿಲ್ ಇರುವುದು ಸಮುದ್ರದಿಂದ 146 ಮೈಲಿ ಮೇಲೆ. ಅಲ್ಲಿ ಅಂಕಿ ಜಿಗಿದ ದಿನ ಆ ಮೀನು ಪೋರ್ಟ್‌ಲ್ಯಾಂಡ್ ದಾಟಿ ಕೆಲವು ದಿನ ಆಗಿರುತ್ತದೆ. ನೀವು ಅಣೆಕಟ್ಟಿನ ಕೆಳಗೆ ನಿಲ್ಲುವವರಾದರೆ ಅಂಕಿ ಏರಲು ಶುರುವಾದಾಗಲೇ ಹೋಗಿ, ತುದಿ ಮುಟ್ಟುವವರೆಗೆ ಕಾಯಬೇಡಿ. ಮೇಲೆ ಹ್ಯಾನ್‌ಫರ್ಡ್‌ಗೆ ಹೋಗುವವರಾದರೆ ಮೆಕ್‌ನ್ಯಾರಿ ಅಣೆಕಟ್ಟಿನ ಅಂಕಿ ನೋಡಿ.

ನೀರಿನ ಬಿಸಿಯನ್ನೂ ನೋಡಬೇಕು. 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಲ್ಮನ್‌ಗೆ ಕಷ್ಟ. ಆಗಸ್ಟ್‌ನಲ್ಲಿ ಕೊಲಂಬಿಯಾ ಇದನ್ನು ದಾಟುವುದು ಸಾಮಾನ್ಯ. ಆಗ ಮೀನು ತಣ್ಣನೆಯ ಉಪನದಿಗಳ ಬಾಯಲ್ಲಿ ಗುಂಪಾಗಿ ನಿಂತು ಸುಧಾರಿಸಿಕೊಳ್ಳುತ್ತದೆ. ಡೆಶೂಟ್ಸ್ ನದಿಯ ಬಾಯಿಯಂಥ ಕೆಲವು ಕಡೆ ಬಿಸಿಲ ತಿಂಗಳಲ್ಲಿ ಗಾಳ ಹಾಕುವುದನ್ನೇ ಒರೆಗಾನ್ ನಿಲ್ಲಿಸಿದೆ. ಅನುಮತಿ ಇರುವ ಜಾಗದಲ್ಲೂ ಅಂಥ ದಿನ ಹಿಡಿದು ಬಿಡುವ ಆಟ ಬೇಡ. ಬಿಸಿ ನೀರಲ್ಲಿ ದಣಿದ ಮೀನು ಬಿಟ್ಟ ಮೇಲೂ ಬದುಕುವುದು ಕಡಿಮೆ.

ಉಬ್ಬರ ಇಳಿತದ ವೇಳಾಪಟ್ಟಿ ಜೇಬಿನಲ್ಲಿರಲಿ. ಸಮುದ್ರದಿಂದ ನೂರು ಮೈಲಿ ಒಳಗಿರುವ ಪೋರ್ಟ್‌ಲ್ಯಾಂಡ್‌ನಲ್ಲೂ ನೀರು ಏರಿಳಿಯುತ್ತದೆ.

ಒರೆಗಾನ್ ಕರಾವಳಿಯ ಸಣ್ಣ ನದಿಗಳ ಲೆಕ್ಕ ಮಾತ್ರ ನಿಮಗೆ ಹುಟ್ಟಿನಿಂದಲೇ ಗೊತ್ತು. ಮುಂಗಾರಿನ ಮೊದಲ ಜೋರು ಮಳೆಗೆ ಮಲೆನಾಡಿನಲ್ಲಿ ಹತ್ತುಮೀನು ಗದ್ದೆಗೆ ಏರುವ ಹಾಗೇ, ಇಲ್ಲಿ ಟಿಲಮೂಕ್ ಕಡೆಯ ವಿಲ್ಸನ್, ಟ್ರ್ಯಾಸ್ಕ್ ನದಿಗಳಿಗೆ ಚಿನೂಕ್ ಏರುವುದು ಅಕ್ಟೋಬರ್ ಮಳೆಗೆ. ಸೆಪ್ಟೆಂಬರ್‌ನಲ್ಲಿ ಕೊಲ್ಲಿಗೆ ಬಂದು ಸೇರಿರುತ್ತವೆ, ನದಿಯಲ್ಲಿ ಮೊಣಕಾಲುದ್ದ ನೀರೂ ಇರುವುದಿಲ್ಲ. ಮಳೆ ಬಿದ್ದು ನೀರು ಕೆಂಪಾಗಿ ಏರುತ್ತದೆ, ಆ ದಿನ ಹೋಗಿ ಪ್ರಯೋಜನ ಇಲ್ಲ. ಮಳೆ ನಿಂತು, ನೀರು ಇಳಿಯುತ್ತಾ, ಬಣ್ಣ ಹಸಿರಿಗೆ ತಿರುಗುವ ದಿನಗಳು ಇವೆಯಲ್ಲ, ಅವಕ್ಕೆ ರಜೆ ಉಳಿಸಿಕೊಳ್ಳಿ. ಇನ್ನೂ ದಕ್ಷಿಣದ ಎಲ್ಕ್, ಸಿಕ್ಸಸ್ ನದಿಗಳಲ್ಲಿ ಇದು ನವೆಂಬರ್, ಡಿಸೆಂಬರ್‌ಗೆ ಹೋಗುತ್ತದೆ. ಅಕ್ಟೋಬರ್ ಆದ ಮೇಲೆ ಆಳವಿಲ್ಲದ ಕಡೆ ಕಲ್ಲು ಕೆದರಿ ಬೆಳ್ಳಗೆ ಕಾಣುವ ಜಾಗಗಳಿರುತ್ತವೆ. ಅಲ್ಲಿ ಮೊಟ್ಟೆ ಇರುತ್ತದೆ, ದಯವಿಟ್ಟು ಕಾಲಿಡಬೇಡಿ.

ನಿಯಮದ ಬಗ್ಗೆ ಒಂದೆರಡು ಮಾತು. ಲೈಸೆನ್ಸ್ ಜೊತೆಗೆ ಸಾಲ್ಮನ್ ಟ್ಯಾಗ್ ಬೇರೆ ಕೊಳ್ಳಬೇಕು. ಬೆನ್ನಿನ ರೆಕ್ಕೆ ಮತ್ತು ಬಾಲದ ನಡುವೆ ಒಂದು ಪುಟ್ಟ ಮಾಂಸದ ರೆಕ್ಕೆ ಇರುತ್ತದೆ. ಅದು ಕತ್ತರಿಸಿದ್ದರೆ ಮರಿ ಮಾಡುವ ಕೇಂದ್ರದಲ್ಲಿ ಸಾಕಿ ಬಿಟ್ಟ ಮೀನು. ಇದ್ದರೆ ನದಿಯಲ್ಲೇ ಹುಟ್ಟಿದ ಮೀನು, ವಸಂತದಲ್ಲಿ ಬಹುತೇಕ ಕಡೆ ಅದನ್ನು ನೀರಿನಿಂದ ಎತ್ತದೆ ಬಿಡಬೇಕು. ಕಳೆದ ವರ್ಷದ ತಾರೀಕು ನಂಬಿ ಹೊರಡಬೇಡಿ. ಕೆಳ ಕೊಲಂಬಿಯಾವನ್ನು ಏಪ್ರಿಲ್‌ನಲ್ಲಿ ಮುಚ್ಚಿ, ಎಷ್ಟು ಮೀನು ಬಂತು ನೋಡಿ ಮೇನಲ್ಲಿ ಮತ್ತೆ ತೆರೆಯುವುದುಂಟು. ಹೊರಡುವ ಹಿಂದಿನ ರಾತ್ರಿ ಒರೆಗಾನ್ ಅಥವಾ ವಾಷಿಂಗ್ಟನ್ ಮೀನು ಇಲಾಖೆಯ ಪುಟ ನೋಡುವುದು ಕಡ್ಡಾಯ ಅಂದುಕೊಳ್ಳಿ.

ಬೇರೆ ರಾಜ್ಯಕ್ಕೆ ಹೋದರೆ ಈ ಲೆಕ್ಕ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನಾಲ್ಕು ಗುಂಪು, ಅದರಲ್ಲಿ ಒಂದು ಚಳಿಗಾಲದ್ದು. ಅಲ್ಲಿ 2023 ಮತ್ತು 2024ರಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿದ್ದರು. ಅಲಾಸ್ಕಾದ ಕೀನಾಯ್ ನದಿಯಲ್ಲಿ ಎರಡು ಗುಂಪು, ಒಂದು ಜೂನ್‌ಗೆ, ಇನ್ನೊಂದು ಜುಲೈಗೆ. ಗಾಳಕ್ಕೆ ಸಿಕ್ಕ ಅತಿ ದೊಡ್ಡ ಚಿನೂಕ್ ಅಲ್ಲಿಯದೇ: 1985ರಲ್ಲಿ, 97 ಪೌಂಡ್ ಮೇಲೆ ತೂಗಿತ್ತು. ಈಗ ಅಲ್ಲೂ ಮೀನು ತೀರಾ ಇಳಿದಿದೆ.

ನಿಮ್ಮ ಪ್ರಶ್ನೆಗೆ ಮರಳಿದರೆ, ಮೊದಲ ವರ್ಷ ನಾನಾಗಿದ್ದರೆ ಸೆಪ್ಟೆಂಬರ್ ಮೊದಲ ಎರಡು ವಾರ ಆರಿಸಿಕೊಳ್ಳುತ್ತಿದ್ದೆ. ಮೀನು ಜಾಸ್ತಿ, ಕಲಿಯಲು ಅವಕಾಶ ಜಾಸ್ತಿ. ಸ್ಪ್ರಿಂಗರ್‌ಗೆ ಒಂದು ಗಾಳ ಕಚ್ಚಿಸಲು ಇಡೀ ದಿನ ಕಾಯುವ ತಾಳ್ಮೆ ಬೇಕು, ಅದನ್ನು ಮುಂದಿನ ಏಪ್ರಿಲ್‌ಗೆ ಇಟ್ಟುಕೊಳ್ಳಿ. ಒಂದು ದಿನ ಬಿಡುವು ಮಾಡಿಕೊಂಡು ಬಾನವಿಲ್‌ಗೆ ಹೋಗಿ, ನೀರಿನಡಿಯ ಗಾಜಿನ ಕಿಟಕಿಯಲ್ಲಿ ಮೀನು ಹತ್ತುವುದನ್ನು ನೋಡಿ. ಅಲ್ಲಿಂದ ನಾಲ್ಕೈದು ಮೈಲಿ ಮುಂದೆ ಕ್ಯಾಸ್ಕೇಡ್ ಲಾಕ್ಸ್ ಊರು. ಸೇತುವೆ ಹತ್ತಿರ ಯಾಕಮಾ, ವಾರ್ಮ್ ಸ್ಪ್ರಿಂಗ್ಸ್, ಯುಮಟಿಲ್ಲಾ, ನೆಜ್ ಪರ್ಸ್ ಮೂಲನಿವಾಸಿ ಜನ ತಾವೇ ಹಿಡಿದ ಮೀನು ಮಾರುತ್ತಾರೆ. ಅಮೆರಿಕ ಸರ್ಕಾರದ ಜೊತೆಗಿನ 1855ರ ಒಪ್ಪಂದಗಳಿಂದ ಉಳಿದುಬಂದ ಹಕ್ಕು ಅದು. ಈ ನದಿಯಲ್ಲಿ ಯಾವ ಮೀನು ಯಾವಾಗ ಬರುತ್ತದೆ ಅಂತ ಅವರಷ್ಟು ಹಿಂದಿನಿಂದ ಬಲ್ಲವರು ಇಲ್ಲ. ಟೂಲಿ ಯಾವುದು, ಬ್ರೈಟ್ ಯಾವುದು ಅಂತ ಅಲ್ಲೇ ಕೇಳಿ, ಕೈಯಲ್ಲಿ ಹಿಡಿದು ತೋರಿಸುತ್ತಾರೆ. ಐಸ್ ಪೆಟ್ಟಿಗೆ ಮತ್ತು ನಗದು ಒಯ್ಯಿರಿ.