ಕೈ ಕುಲುಕಿಸಿದರೆ ಜಗಳ ಮುಗಿಯಿತೇ?

ಐದನೇ ತರಗತಿಯ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಗಣಿತದಿಂದ ವಾರಕ್ಕೊಂದು ಪೀರಿಯಡ್ ಕಿತ್ತು ‘ಸಾಮಾಜಿಕ-ಭಾವನಾತ್ಮಕ ಕಲಿಕೆ’ಗೆ, ಅಂದರೆ ತನ್ನ ಭಾವನೆಗಳನ್ನು ಅರಿತು ಇತರರೊಡನೆ ಹೊಂದಿ ಬಾಳುವುದನ್ನು ಕಲಿಸುವ ಪಾಠಕ್ಕೆ ಕೊಟ್ಟಿದ್ದಾರಂತೆ. ಸಿಟ್ಟು, ಸಂತೋಷ, ಭಯದ ಮುಖಗಳಿಗೆ ಮಕ್ಕಳು ಬಣ್ಣ ತುಂಬುತ್ತಿದ್ದಾಗಲೇ ಇಬ್ಬರು ಹುಡುಗರು ಪೆನ್ನಿಗಾಗಿ ಹೊಡೆದಾಡಿಕೊಂಡರು. ಇವರು ಇಬ್ಬರಿಂದಲೂ ‘ಸಾರಿ’ ಹೇಳಿಸಿ, ಕೈ ಕುಲುಕಿಸಿ ಪಾಠ ಮುಂದುವರಿಸಿದರು. ಸಂಜೆ ಗೇಟಿನಾಚೆ ಅದೇ ಇಬ್ಬರು ಮತ್ತೆ ಹೊಡೆದಾಡಿಕೊಂಡರು. ‘ಮನೆಯಲ್ಲಿ ಕಲಿಯಬೇಕಾದ್ದನ್ನು ಶಾಲೆಯ ತಲೆಗೆ ಕಟ್ಟುವುದು ಸರಿಯೇ? ಶಾಂತಿಯನ್ನು ಪೀರಿಯಡ್ ಹಾಕಿ ಕಲಿಸಲಾದೀತೇ?’ ಎಂದು ಕೇಳಿದ್ದಾರೆ.

ಮೇಡಂ, ಮೊದಲ ಪ್ರಶ್ನೆಯಲ್ಲಿ ನಾವು ನಿಮ್ಮ ಪಕ್ಷವಲ್ಲ. ಮನೆಯಲ್ಲಿ ಮಗು ತನ್ನವರ ಜೊತೆ ಇರುತ್ತದೆ. ತಾನು ಆರಿಸಿಕೊಳ್ಳದವರ ಪಕ್ಕದಲ್ಲಿ ದಿನವಿಡೀ ಕೂರಬೇಕಾಗುವುದು ಶಾಲೆಯಲ್ಲಿ. ಪರರೊಡನೆ ಬಾಳುವುದನ್ನು ಪರರೇ ಇಲ್ಲದ ಕಡೆ ಕಲಿಯುವುದು ಹೇಗೆ? ಗಣಿತ ಹಿಂದೆ ಬೀಳುತ್ತದೆಂಬ ಭಯವೂ ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 2011ರಲ್ಲಿ ಇಂಥ 213 ಕಾರ್ಯಕ್ರಮಗಳ, 2.70 ಲಕ್ಷ ವಿದ್ಯಾರ್ಥಿಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡಿದರು. ನೂರು ಮಂದಿಯ ಸಾಲಿನಲ್ಲಿ ನಟ್ಟನಡುವೆ ಇದ್ದ ಮಗು ಓದಿನಲ್ಲಿ 11 ಸ್ಥಾನ ಮುಂದೆ ಬಂದಷ್ಟು ಲಾಭ ಕಂಡಿತು. ಅದೂ ಹೊರಗಿನ ತಜ್ಞರು ಬಂದು ಹೋದಲ್ಲಿ ಅಲ್ಲ, ಶಾಲೆಯವರೇ ನಡೆಸಿದಲ್ಲಿ.

ಎರಡನೆಯ ಅನುಮಾನ ನಮಗೂ ಇದೆ. ಬ್ರಿಟನ್ನಿನ 85 ಶಾಲೆಗಳಲ್ಲಿ ‘ಮೈಂಡ್‌ಫುಲ್‌ನೆಸ್’ ಅನ್ನು, ಅಂದರೆ ಈ ಕ್ಷಣದಲ್ಲೇ ಮನಸ್ಸು ನಿಲ್ಲಿಸುವ ಧ್ಯಾನಸ್ಥ ಗಮನವನ್ನು ಪಾಠವಾಗಿ ಕಲಿಸುವ ದೊಡ್ಡ ಪ್ರಯೋಗ ನಡೆಯಿತು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ, ಶಾಲೆಗಳಲ್ಲಿ ಮೊದಲಿಂದ ಇದ್ದ ಕ್ರಮಕ್ಕಿಂತ ಅದರಿಂದ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ. ಹೆಚ್ಚಿನ ಮಕ್ಕಳು ತರಗತಿಯಾಚೆ ಅದನ್ನು ಅಭ್ಯಾಸ ಮಾಡಲೇ ಇಲ್ಲ. ಗಂಟೆ ಹೊಡೆದೊಡನೆ ಮುಗಿಯುವ ಶಾಂತಿಯ ಹಣೆಬರಹವೇ ಅಷ್ಟು.

ಹಾಗಾದರೆ ಏನು ಮಾಡುವುದು? 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ತರಗತಿಗೆ ತಂದಾಗ ಹೊಡೆದಾಟಗಳೇ ಶುರುವಾದವು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಪ್ರೀತಿಯ ಬಗ್ಗೆ ಉಪದೇಶ ಮಾಡಲಿಲ್ಲ. ಪಾಠವನ್ನೇ ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪರೀಕ್ಷೆ ಮಾತ್ರ ಇಡೀ ಪಾಠದ್ದು. ಇಂಗ್ಲಿಷ್ ಮನೆಮಾತಲ್ಲದ ಹುಡುಗನೊಬ್ಬ ತನ್ನ ಭಾಗ ಹೇಳಲು ತಡವರಿಸಿದಾಗ ಗುಂಪಿನವರು ಗೇಲಿ ಮಾಡಿದರು. ಅಲ್ಲಿದ್ದ ಸಹಾಯಕರು ಗದರಲಿಲ್ಲ. ಹೀಗೆ ಮಾಡಿದರೆ ಅವನಿಗೆ ಗೊತ್ತಿರುವುದು ನಿಮಗೆ ಸಿಗುವುದಿಲ್ಲ, ಪರೀಕ್ಷೆಯಂತೂ ಇದ್ದೇ ಇದೆ ಎಂದು ನೆನಪಿಸಿದರು. ಗೇಲಿ ಮಾಡುತ್ತಿದ್ದವರೇ ಕ್ರಮೇಣ ಅವನ ಬಾಯಿಂದ ಉತ್ತರ ಹೊರಡಿಸುವಂಥ ಪ್ರಶ್ನೆ ಕೇಳುವುದನ್ನು ಕಲಿತರು. ಕೇಳಿಸಿಕೊಳ್ಳುವವರು ಸಿಕ್ಕಾಗ ಅವನ ತಡವರಿಕೆಯೂ ಕಡಿಮೆಯಾಯಿತು. ಸ್ವಾರ್ಥದಿಂದ ಹುಟ್ಟಿದ ಸಹನೆ ಎಂದು ಮೂಗು ಮುರಿಯುವವರು ಮುರಿಯಲಿ, ನಮಗೆ ತಕರಾರಿಲ್ಲ. ನಿಮ್ಮ ಸಮಾಜ ಪಾಠವನ್ನೂ ಹೀಗೆ ಮಾಡಬಹುದು. ಅದಕ್ಕೆ ಹೊಸ ಪೀರಿಯಡ್ ಬೇಕಿಲ್ಲ.

ಇನ್ನು ಆ ಕೈ ಕುಲುಕಿಸಿದ್ದು. ಶಾಂತಿ ಅಧ್ಯಯನದ ಯೋಹಾನ್ ಗಾಲ್ಟುಂಗ್, ಹೊಡೆದಾಟ ನಿಂತಿರುವುದು ಬೇರೆ, ಅನ್ಯಾಯ ನೀಗಿರುವುದು ಬೇರೆ ಎಂದು ವಿಂಗಡಿಸಿದ್ದರು. ನಿಮ್ಮ ತರಗತಿಯಲ್ಲಿ ಆದದ್ದು ಮೊದಲನೆಯದು ಮಾತ್ರ. ನಲವತ್ತು ಮಕ್ಕಳನ್ನು ಇಟ್ಟುಕೊಂಡು ಬೇರೇನು ಮಾಡಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಲ್ಲೇ ಆಗದಿದ್ದರೆ ಊಟದ ಬಿಡುವಿನಲ್ಲಿ ಐದು ನಿಮಿಷ ಸಾಕು: ಏನಾಯಿತೆಂದು ಒಬ್ಬ ಹೇಳಲಿ, ಇನ್ನೊಬ್ಬ ಅದನ್ನೇ ತನ್ನ ಮಾತಿನಲ್ಲಿ ತಿರುಗಿ ಹೇಳಲಿ, ಮೊದಲಿನವನು ಹೌದೆನ್ನುವ ತನಕ. ಆಮೇಲೆ ಸರದಿ ಬದಲಾಗಲಿ. ‘ಸಾರಿ’ ಕೊನೆಗೆ ಬಂದರೆ ಬರಲಿ, ಬಾರದಿದ್ದರೂ ಚಿಂತೆಯಿಲ್ಲ.

ಅಂದಹಾಗೆ, ನಿಮ್ಮ ಪತ್ರವನ್ನು ಎರಡು ಸಲ ಓದಿದೆವು. ಆ ಪೆನ್ನು ಯಾರದೆಂದು ಎಲ್ಲೂ ಬರೆದಿಲ್ಲ.