ಮಳೆಗಾಲವಿಡೀ ಇಟ್ಟಿದ್ದ ರಾಕೆಟ್‌ನ ಶಾಕ್ ಕಾರ್ಡ್ ಬದಲಿಸಬೇಕೇ?

ಕಾರವಾರದಲ್ಲಿ ಮಳೆಗಾಲ ಪೂರ್ತಿ ಪೆಟ್ಟಿಗೆಯಲ್ಲಿದ್ದ 60 ಸೆಂ.ಮೀ. ಉದ್ದದ ರಟ್ಟಿನ ರಾಕೆಟ್, ಮೇಲೆ ಕಳಚಿಕೊಳ್ಳುವ ಚೂಪು ಮೂತಿಯನ್ನು (ನೋಸ್ ಕೋನ್) ಕೊಳವೆಗೆ ಕಟ್ಟಿಡುವ ಇಲಾಸ್ಟಿಕ್, ಅಂದರೆ ಶಾಕ್ ಕಾರ್ಡ್, ಮೇಲ್ನೋಟಕ್ಕೆ ಚೆನ್ನಾಗಿದೆ, ಹಾಗೇ ಹಾರಿಸಬಹುದೇ ಎಂದು ಕೇಳಿದ್ದೀರಿ. ಬೇಡ, ಮೊದಲು ಕೊಳವೆಯ ಒಳಗೆ ಟಾರ್ಚ್ ಬಿಟ್ಟು ನೋಡಿ.

ಕಾರ್ಡ್ ಕಡಿಯುವುದು ಹೆಚ್ಚಾಗಿ ಕಾಗದದಲ್ಲಿ ಅಂಟಿಸಿದ ಬುಡದಲ್ಲೇ, ಎರಡು ಬೆರಳಿನಷ್ಟು ಜಾಗದಲ್ಲಿ. ಪ್ಯಾರಾಶೂಟನ್ನು ಹೊರದೂಡಲು ಸಿಡಿಯುವ ಕರಿಮದ್ದಿನ, ಅಂದರೆ ಎಜೆಕ್ಷನ್ ಚಾರ್ಜಿನ, ಬಿಸಿ ಅಲ್ಲಿಗೆ ಬಡಿಯುತ್ತದೆ. ಕರಿಮದ್ದಿನ ಮಸಿ ತೇವ ಹೀರುವ ಜಾತಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಅದು ಒಣಗುವ ಮಾತೇ ಇಲ್ಲ. ಆ ಭಾಗವನ್ನು ಉಗುರಿನಿಂದ ಕೆರೆಯಿರಿ. ಗಟ್ಟಿಯಾಗಿ ಮಿರುಗುತ್ತಿದ್ದರೆ ಸುಟ್ಟಿದೆ ಎಂದೇ ಲೆಕ್ಕ. ಆಮೇಲೆ ಇಲಾಸ್ಟಿಕ್‌ನ್ನು ಎರಡು ಪಟ್ಟು ಎಳೆದು ಬಿಡಿ. ಚಟಚಟ ಸದ್ದು ಬಂದರೆ, ಬಿರುಕು ಕಂಡರೆ, ಮೊದಲಿನ ಉದ್ದಕ್ಕೆ ಮರಳದಿದ್ದರೆ ತೆಗೆದುಹಾಕಿ. ಅನುಮಾನ ಬಂದರೂ ಬದಲಿಸಿ. ಟೈಲರಿಂಗ್ ಸಾಮಾನಿನ ಅಂಗಡಿಯ 6 ಮಿ.ಮೀ. ಇಲಾಸ್ಟಿಕ್ ಸಾಕು, ಬೆಲೆಯೂ ಕಮ್ಮಿ. ಉದ್ದ ರಾಕೆಟ್‌ನ ಮೂರು ಪಟ್ಟು, ಅಂದರೆ 180 ಸೆಂ.ಮೀ. ಗಿಡ್ಡವಾದರೆ ನೋಸ್ ಕೋನ್ ಚಿಮ್ಮಿ ಬಂದು ಕೊಳವೆಗೇ ಬಡಿಯುತ್ತದೆ.

ಹಳೆಯ ಕಾಗದ ಕೀಳಲು ಹೋಗಬೇಡಿ, ರಟ್ಟಿನ ಪದರವೂ ಎದ್ದು ಬರುತ್ತದೆ. ಕಾರ್ಡನ್ನು ಬುಡಕ್ಕೆ ಕತ್ತರಿಸಿ, ಎದುರು ಬದಿಯ ಮಸಿಯನ್ನು ಒರೆಸಿ, ಕಡ್ಡಿಗೆ ಸುತ್ತಿದ ಉಜ್ಜುಕಾಗದದಿಂದ ತುಸು ಒರಟು ಮಾಡಿ. ಮಸಿಯ ಮೇಲೆ ಅಂಟು ಹಿಡಿಯುವುದಿಲ್ಲ. 2.5 ಸೆಂ.ಮೀ. ಅಗಲ, 7.5 ಸೆಂ.ಮೀ. ಉದ್ದದ ದಪ್ಪ ಕಾಗದದಲ್ಲಿ ಇಲಾಸ್ಟಿಕ್ ತುದಿ ಇಟ್ಟು ಮೂರು ಮಡಿಕೆ ಮಾಡಿ, ಬಿಳಿ ಅಂಟಿನಿಂದ ಕೂರಿಸಿ. ನೋಸ್ ಕೋನ್ ಒಳಗೆ ಇಳಿಯುವ ಆಳಕ್ಕಿಂತ 2 ಸೆಂ.ಮೀ. ಕೆಳಗಿರಲಿ. ಬೇಸಿಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ದಿನ ಒಣಗಿಸಿ.

ಬೈತಖೋಲ್ ಬಂದರಿನ ಕಡೆ ಸಿಗುವ ಹಗ್ಗ ಹಾಕಬಹುದೇ ಎಂದು ಅನ್ನಿಸಬಹುದು. ತುಂಡೊಂದನ್ನು ನೀರಲ್ಲಿ ಹಿಂಡಿ ಬಿಡಿ. ತೇಲಿದರೆ ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್, ಬಿಸಿಗೆ ಬೇಗ ಕರಗುತ್ತದೆ, ಬೇಡ. ನೈಲಾನ್ ಮುಳುಗುತ್ತದೆ, ಆದರೆ ಅದನ್ನೂ ಚಾರ್ಜಿನ ಹತ್ತಿರ ಕಟ್ಟಬಾರದು. ಬಂದರಿನ ಅಂಗಡಿಯಿಂದ ತರಬೇಕಾದದ್ದು ಗಾಳಕ್ಕೆ ಹಾಕುವ ಸ್ಟೇನ್‌ಲೆಸ್ ಸ್ವಿವೆಲ್, ಅಂದರೆ ತಿರುಗುವ ಕೊಂಡಿ. ಅದನ್ನು ಪ್ಯಾರಾಶೂಟಿಗೆ ಹಾಕಿದರೆ ದಾರ ಹುರಿಗೊಳ್ಳದು, ತುಕ್ಕಿನ ಕಾಟವೂ ಕಮ್ಮಿ.

ಕೆವ್ಲಾರ್ ಎಂಬ ಗಟ್ಟಿ ಕೃತಕ ನೂಲು ಬೆಂಕಿಗೆ ಜಗ್ಗುವುದಿಲ್ಲ, ಹಾಗೆಂದು ಪೂರ್ತಿ ಅದನ್ನೇ ಹಾಕಿದರೆ ಅದು ಹಿಗ್ಗದೆ ಕೊಳವೆಯ ಬಾಯನ್ನು ಗರಗಸದಂತೆ ಸೀಳುತ್ತದೆ. ಹೊಸ ರಾಕೆಟ್ ಕಟ್ಟುವಾಗ ಕೊಳವೆಯೊಳಗೆ ಮೋಟರನ್ನು ಹಿಡಿದಿಡುವ ಹಿಡಿಕೆಗೆ ಕೆವ್ಲಾರ್ ಕಟ್ಟಿ, ಬಾಯಿಗಿಂತ 2 ಸೆಂ.ಮೀ. ಕೆಳಗೇ ಕುಣಿಕೆ ಮಾಡಿ ನಿಲ್ಲಿಸಿ, ಅಲ್ಲಿಂದ ಇಲಾಸ್ಟಿಕ್. ಮುಂದೆ ಬದಲಿಸುವುದೂ ಸುಲಭ. ಕೆವ್ಲಾರ್‌ಗೆ ಬಿಸಿಲು ಆಗದು. ಕಂದು ಬಣ್ಣಕ್ಕೆ ತಿರುಗಿ ಎಳೆ ಎದ್ದರೆ ಬದಲಿಸಿ. ಮರಳಿನ ಮೇಲೆ ಇಳಿದಿದ್ದರೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಇನ್ನು ನೋಸ್ ಕೋನ್. ತೇವಕ್ಕೆ ರಟ್ಟು ಉಬ್ಬಿ ಅದು ಬಿಗಿಯಾಗಿದ್ದರೆ ಒಳಗಿನ ಒತ್ತಡ ಏರಿ, ಕೊನೆಗೆ ರಭಸದಿಂದ ಚಿಮ್ಮಿ ಹೊಸ ಕಾರ್ಡನ್ನೂ ಕಿತ್ತೀತು. ಕೋನ್ ಹಿಡಿದು ಎತ್ತಿದರೆ ರಾಕೆಟ್ ಜಾರಬಾರದು, ಸ್ವಲ್ಪ ಅಲುಗಿಸಿದರೆ ಕಳಚಬೇಕು. ಅಷ್ಟಾಗುವವರೆಗೆ ಕೊಳವೆಯೊಳಗೆ ಇಳಿಯುವ ಕೋನ್‌ನ ಕತ್ತನ್ನು 220 ನಂಬರಿನ ಉಜ್ಜುಕಾಗದದಿಂದ ಉಜ್ಜಿ. ಹತ್ತಿರದಲ್ಲೇ ನೌಕಾನೆಲೆ ಇರುವುದರಿಂದ ಪೊಲೀಸರ ಅನುಮತಿ ಕೈಯಲ್ಲಿಲ್ಲದೆ ಹಾರಿಸಬೇಡಿ.